ಬಿ.ಪಿ. ಒಂದೇ, ಮಾತ್ರೆ ಬೇರೆ ಬೇರೆ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ಒಂದು ಮಾತು ಕೇಳುತ್ತೇನೆ: "ಡಾಕ್ಟರ್ ಸಾಹೇಬ್ರೇ, ಪಕ್ಕದ ಮನೆಯವರಿಗೆ ಈ ಮಾತ್ರೆ ಚೆನ್ನಾಗಿ ಹಿಡಿದಿದೆ, ನನಗೂ ಅದನ್ನೇ ಬರೆದುಕೊಡಿ." ಕಾಯಿಲೆಯ ಹೆಸರು ಒಂದೇ ಆದರೂ ಎಲ್ಲರ ದೇಹ ಒಂದೇ ಅಲ್ಲ.

ಬೇರೆ ಬೇರೆ ದಿನ ಅಳೆದಾಗಲೂ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಬಿ.ಪಿ. ಎನ್ನುತ್ತೇವೆ. ಬೇರೆ ತೊಂದರೆ ಇಲ್ಲದವರಿಗೆ ಅಮ್ಲೋಡಿಪಿನ್‌ನಂಥ ಮಾತ್ರೆಯಿಂದ ಆರಂಭಿಸಬಹುದು. ಕೆಲವರಿಗೆ ಇದರಿಂದ ಪಾದ ಊದಿಕೊಳ್ಳುತ್ತದೆ. ಹಾಗಾದರೆ ಬಂದು ತಿಳಿಸಿ, ನೀವೇ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆ ಇದ್ದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಎನಲಾಪ್ರಿಲ್, ಲೋಸಾರ್ಟನ್ ಅಥವಾ ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ ಕಿಡ್ನಿಯನ್ನೂ ಕಾಪಾಡುತ್ತದೆ. ಇವುಗಳ ಜೊತೆ ಕ್ರಿಯಾಟಿನಿನ್, ಪೊಟ್ಯಾಷಿಯಂ ಪರೀಕ್ಷೆ ಮಾಡಿಸುತ್ತಿರಬೇಕು. ಆದರೆ ಇದೇ ಮಾತ್ರೆಗಳು ಗರ್ಭಿಣಿಗೆ ಕೂಡದು, ಮಗುವಿಗೆ ಅಪಾಯ. ಅವರಿಗೆ ಲೆಬೆಟಲಾಲ್, ಮೀಥೈಲ್‌ಡೋಪಾ ಮುಂತಾದವು ಇವೆ. ದಮ್ಮು ಇರುವವರಿಗೆ ಪ್ರೊಪ್ರನಲಾಲ್ ಉಸಿರು ಕಟ್ಟಿಸಬಹುದು. ಹೃದಯಾಘಾತ ಆದವರಿಗೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಯೇ ಹಲವು ಬಾರಿ ಬೇಕಾಗುತ್ತದೆ. ಮೂತ್ರ ಹೆಚ್ಚಿಸುವ ಥಯಾಜೈಡ್ ಅಗ್ಗವೂ ಹೌದು, ಒಳ್ಳೆಯದೂ ಹೌದು. ಆದರೆ ಗೌಟ್ ಇರುವವರಲ್ಲಿ ಕೀಲುನೋವು ಕೆರಳಿಸಬಹುದು.

ನಮ್ಮ ಸೀಮೆಯ ಮಾತು ಇನ್ನೊಂದಿದೆ. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದವರಿಗೆ ಸೊಂಟ, ಮಂಡಿ ಹಿಡಿದುಕೊಳ್ಳುತ್ತವೆ. ನೋವು ತಾಳಲಾರದೆ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ದಿನವೂ ನುಂಗುತ್ತಾರೆ. ಈ ನೋವಿನ ಮಾತ್ರೆ ಬಿ.ಪಿ.ಯನ್ನು ಏರಿಸುತ್ತದೆ, ಕಿಡ್ನಿಯನ್ನು ಕೆಡಿಸುತ್ತದೆ. ಆಗ "ಬಿ.ಪಿ. ಮಾತ್ರೆ ನಾಟುತ್ತಿಲ್ಲ" ಎಂದು ದೂರುತ್ತಾರೆ! ಆದ್ದರಿಂದ ನೀವು ನುಂಗುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ವೈದ್ಯರಿಗೆ ತೋರಿಸಿ.

ರಂಜಾನ್ ತಿಂಗಳಲ್ಲಿ ಮಾತ್ರೆ ಬಿಡುವವರಿದ್ದಾರೆ. ದಿನಕ್ಕೊಂದೇ ಆಗಿರುವ ಹಲವು ಮಾತ್ರೆಗಳನ್ನು ಇಫ್ತಾರ್ ಅಥವಾ ಸಹರಿ ಹೊತ್ತಿಗೆ ಬದಲಿಸಿಕೊಳ್ಳಬಹುದು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಹರಿಯಲ್ಲಿ ನುಂಗಿದರೆ ಹಗಲೆಲ್ಲ ನೀರಡಿಕೆಯಾಗಬಹುದು. ಉಪವಾಸ ಆರಂಭವಾಗುವ ಮೊದಲೇ ವೈದ್ಯರನ್ನು ಕೇಳಿ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ತಂದೆ ತಾಯಿ, ಅಜ್ಜ ಅಜ್ಜಿಯರ ಚೀಟಿ ಓದಿ. ಯಾವ ಮಾತ್ರೆ, ಯಾವಾಗಿನಿಂದ, ಜೊತೆಗೆ ಬೇರೇನು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಆಸ್ಪತ್ರೆಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ. ಬಿ.ಪಿ. ಹತೋಟಿಗೆ ಬಂತೆಂದು ಮಾತ್ರೆ ಬಿಡಲು ಬಿಡಬೇಡಿ. ಹತೋಟಿಗೆ ಬಂದದ್ದೇ ಆ ಮಾತ್ರೆಯಿಂದ. ನೀವು ಕಲಿತ ಅಕ್ಷರ ಮೊದಲು ನಿಮ್ಮ ಮನೆಯ ಜೀವ ಉಳಿಸಲಿ.