ಹೊಟ್ಟೆಯ ಕತೆ, ಪಾದದ ಕತೆ

(ಕಲ್ಲೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಗೆಳೆಯರೇ, ತಂಗಿಯರೇ, ಹಿಂದೆ ಗೋಡೆಗೆ ಒರಗಿ ನಿಂತ ಹಿರಿಯರೇ,

ನಾನು ಭಾಷಣಕಾರನಲ್ಲ. ನಾಲ್ಕು ಕವಿತೆ ಬರೆದವನು, ಬಿ.ಎ. ಪಾಸಾದವನು. ಆ ಬಿ.ಎ.ಯಲ್ಲಿ ಪ್ರಾಚೀನ ರೋಮಿನ ಚರಿತ್ರೆ ಓದಿದೆ. ಫಾರ್ಮು ತುಂಬುವ ದಿನ ಮೇಷ್ಟ್ರೊಬ್ಬರು ನಕ್ಕರು. "ನಿನಗ್ಯಾಕೋ ತಮ್ಮಾ ರೋಮು? ಲಗೂನ ನೌಕರಿ ಸಿಗೋದು ಏನಾರ ಓದು" ಅಂದರು. ಮನೆಗೆ ಬಂದರೆ ಅವ್ವ ಕೇಳಿದಳು: "ರೋಮ್ ಅಂದ್ರ ಯಾವ ಊರೋ ಯಪ್ಪಾ? ಮಾನ್ವಿ ಆಚಿಗೋ, ಈಚಿಗೋ?"

ಮೇಷ್ಟ್ರ ಮಾತು ಚುಚ್ಚಿತು. ಅವ್ವ ಕೇಳಿದ್ದು ನಿಜವಾದ ಪ್ರಶ್ನೆ. ಇಬ್ಬರಿಗೂ ಇವತ್ತು ಇಲ್ಲಿ ಉತ್ತರ ಹೇಳುತ್ತೇನೆ.

ಮೊದಲು ಅವ್ವನಿಗೆ. ರೋಮು ದೂರ ಹೌದು, ಆದರೆ ನಮ್ಮ ನೆಲಕ್ಕೆ ಗೊತ್ತಿಲ್ಲದ ಊರಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ದೊರೆಗಳಾದ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯ ಸಿಕ್ಕಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ ರೋಮಿನ ನಾಣ್ಯಗಳ ದೊಡ್ಡ ಗಂಟೇ ಸಿಕ್ಕಿತು. ನಾಣ್ಯದ ಮೇಲೆ ದೊರೆಯ ಮುಖ ಇದೆ. ಗುದ್ದಲಿ ಹಿಡಿದವರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಕಲ್ಲೂರಿನ ನೆಲದಲ್ಲೇ ಬಲು ಹಳೆಯ ತಾಮ್ರದ ಕತ್ತಿಗಳು ಸಿಕ್ಕವು. ಅವನ್ನು ಬಡಿದವನು ಯಾರು? ಚರಿತ್ರೆಯ ಪುಸ್ತಕ ತೆರೆದಾಗ ಮೊದಲು ಕೇಳಬೇಕಾದ್ದು ಇದನ್ನೇ.

ಈಗ ಮೇಷ್ಟ್ರಿಗೆ.

ಕ್ರಿ.ಪೂ. 494. ರೋಮಿನಲ್ಲಿ ಎರಡು ಬಗೆಯ ಜನ. ಪೆಟ್ರೀಶಿಯನ್ನರು ದೊಡ್ಡ ಮನೆತನದವರು. ಅಧಿಕಾರ, ಪೂಜೆ, ನ್ಯಾಯ ಎಲ್ಲ ಅವರ ಕೈಯಲ್ಲಿ. ಉಳಿದವರು ಪ್ಲೆಬಿಯನ್ನರು, ಉಳುವವರು, ಕಸುಬಿನವರು, ಯುದ್ಧ ಬಂದರೆ ಸಿಪಾಯಿಗಳು. ಯುದ್ಧಕ್ಕೆ ಹೋದವನ ಹೊಲ ಬೀಳು ಬೀಳುತ್ತಿತ್ತು, ಸಾಲ ಏರುತ್ತಿತ್ತು. ಸಾಲ ತೀರದಿದ್ದರೆ ಮೈಯನ್ನೇ ಒತ್ತೆ ಇಡಬೇಕು. ಅದಕ್ಕೆ ಅವರಲ್ಲಿ ನೆಕ್ಸಮ್ ಅಂತ ಹೆಸರು. ಕ್ಲಾಸಿನಲ್ಲಿ ಆ ಮಾತು ಕೇಳಿದ ದಿನ ನನಗೆ ನಮ್ಮ ಮುತ್ಯಾನ ನೆನಪಾಯಿತು. ನೆಕ್ಸಮ್ ಅಂದರೆ ಜೀತ, ಗೆಳೆಯರೇ! ನಮ್ಮ ಮುತ್ಯಾ ಸಾಲಕ್ಕೆ ದುಡಿದ. ಸಾಲ ಎಷ್ಟು ಅಂತ ಅವನಿಗೆ ಯಾರೂ ಲೆಕ್ಕ ತೋರಿಸಲಿಲ್ಲ.

ಪ್ಲೆಬಿಯನ್ನರು ಏನು ಮಾಡಿದರು? ಕಲ್ಲು ಎತ್ತಲಿಲ್ಲ. ಊರು ಬಿಟ್ಟು ನಡೆದರು. ಊರಾಚೆಯ ಗುಡ್ಡದ ಮೇಲೆ ಹೋಗಿ ಕುಳಿತರು. ಕಾಯುವವರಿಲ್ಲ, ದುಡಿಯುವವರಿಲ್ಲ. ರೋಮು ಬೆವೆತಿತು.

ಆಗ ಪೆಟ್ರೀಶಿಯನ್ನರು ಮೆನೇನಿಯಸ್ ಅಗ್ರಿಪ್ಪ ಎಂಬ ಮಾತುಗಾರನನ್ನು ಕಳಿಸಿದರು. ಅವನು ಒಂದು ಕತೆ ಹೇಳಿದ. ಕೈ, ಬಾಯಿ, ಹಲ್ಲು ಎಲ್ಲ ಸೇರಿ ಹೊಟ್ಟೆಯ ಮೇಲೆ ಸಿಟ್ಟಾದವಂತೆ. ನಾವು ದುಡೀಬೇಕು, ಇದು ಕೂತು ತಿನ್ನಬೇಕು ಅಂತ ಕೆಲಸ ಬಿಟ್ಟವಂತೆ. ಕಡೆಗೆ ಮೈಯೆಲ್ಲ ಸೊರಗಿತಂತೆ. ಆದ್ದರಿಂದ ಹೊಟ್ಟೆ ಇದ್ದರೇ ನೀವು! ಇದನ್ನು ಬರೆದವನು ಲಿವಿ, ಸುಮಾರು ನಾಲ್ಕೂವರೆ ನೂರು ವರ್ಷಗಳ ನಂತರ. ಎಷ್ಟು ನಿಜವೋ ಅಂತ ಪಂಡಿತರು ಇನ್ನೂ ವಾದ ಮಾಡುತ್ತಾರೆ. ಆದರೆ ಉಳ್ಳವರು ಇಂಥ ಕತೆ ಹೇಳುವುದು ಮಾತ್ರ ನಿಜ.

ನಮಗೂ ಒಂದು ಮೈಯ ಕತೆ ಹೇಳಿದರಲ್ಲವೇ? ಬಾಯಿಂದ ಬ್ರಾಹ್ಮಣ, ತೋಳಿಂದ ಕ್ಷತ್ರಿಯ, ತೊಡೆಯಿಂದ ವೈಶ್ಯ, ಪಾದದಿಂದ ಶೂದ್ರ. ನಾವು? ಆ ಮೈಯಲ್ಲಿ ನಮಗೆ ಜಾಗವೇ ಇಲ್ಲ. ಕೇರಿ ಊರ ಹೊರಗೆ, ನಾವು ಮೈಯ ಹೊರಗೆ.

ಆದರೆ ರೋಮಿನವರು ಬರೀ ಕತೆ ಕೇಳಿ ಗುಡ್ಡ ಇಳಿಯಲಿಲ್ಲ. ನಮ್ಮವರೇ ಆದ ಅಧಿಕಾರಿ ಬೇಕು ಅಂದರು, ಪಡೆದರು. ಅವನೇ ಟ್ರಿಬ್ಯೂನ್. ಅವನ ಮೈ ಮುಟ್ಟಿದವನಿಗೆ ಸಾವು. ಮುಂದೆ ದೊಡ್ಡ ಅಧಿಕಾರಿಯ ಆಜ್ಞೆಯನ್ನೂ ಅವನು "ಬೇಡ" ಅಂದು ತಡೆಯುವಂತಾಯಿತು.

ಒಂದೇ ದಿನಕ್ಕೆ ಎಲ್ಲ ಸಿಗಲಿಲ್ಲ. ಕ್ರಿ.ಪೂ. 450ರ ಹೊತ್ತಿಗೆ ಕಾನೂನು ಬರೆದು ಊರ ಮುಂದೆ ಇಟ್ಟರು. ಅದರಲ್ಲೇ ಇಬ್ಬರ ನಡುವೆ ಮದುವೆ ಕೂಡದು ಅಂತಲೂ ಬರೆದಿದ್ದರು. 445ರಲ್ಲಿ ಅದನ್ನು ಹೊಡೆದು ಹಾಕಿಸಿದರು. 367ರಲ್ಲಿ ಕಾನ್ಸಲ್ ಎಂಬ ದೊಡ್ಡ ಪದವಿಯ ಬಾಗಿಲು ತೆರೆಸಿದರು. ಲಿವಿಯ ಪ್ರಕಾರ 326ರಲ್ಲಿ ನೆಕ್ಸಮ್ ಹೋಯಿತು. ನಮ್ಮಲ್ಲಿ ಜಾತಿ ಮೀರಿದ ಹಿಂದೂ ಮದುವೆಗಳು ಊರ್ಜಿತ ಎಂದು ಕಾನೂನು ಹೇಳಿದ್ದು 1949ರಲ್ಲಿ. ಜೀತ ರದ್ದತಿ ಕಾಯ್ದೆ 1976ರದ್ದು. ಪ್ರೀತಿಸಿ ಮದುವೆಯಾದವರನ್ನು ಕೊಲ್ಲುವುದು ಇನ್ನೂ ನಿಂತಿಲ್ಲ.

ಇನ್ನೊಂದು ಮಾತು. ಕಾನ್ಸಲ್ ಪದವಿ ಸಿಕ್ಕ ಮೇಲೂ ದೊಡ್ಡ ಪೂಜಾರಿಗಳಾಗಲು ಪ್ಲೆಬಿಯನ್ನರು ಕ್ರಿ.ಪೂ. 300ರವರೆಗೆ ಕಾಯಬೇಕಾಯಿತು. ಬಾಬಾಸಾಹೇಬರು ಹಿಡಿದದ್ದು ಈ ಗಂಟನ್ನೇ. ಲಾಹೋರಿನ ಸಭೆಗೆಂದು ಬರೆದು, ಸಭೆ ರದ್ದಾಗಿ, ತಾವೇ 1936ರಲ್ಲಿ ಅಚ್ಚು ಹಾಕಿಸಿದ 'ಜಾತಿ ವಿನಾಶ'ದಲ್ಲಿ ರೋಮಿನ ಮಾತು ಬರುತ್ತದೆ. ಓಟು ಪ್ಲೆಬಿಯನ್ನರದು, ಆದರೆ ಗೆದ್ದವನನ್ನು ದೇವಿ ಒಪ್ಪಬೇಕು. ದೇವಿಯ ಒಪ್ಪಿಗೆ ಹೇಳುವ ಪೂಜಾರಿಗಳು ಪೆಟ್ರೀಶಿಯನ್ನರು. ಹೀಗಾಗಿ ಉಳ್ಳವರಿಗೆ ಬಗ್ಗುವವನೇ ಗೆದ್ದ ಅನ್ನುತ್ತಾರೆ ಅವರು. ಮೀಸಲು ಸೀಟಿನಲ್ಲಿ ಗೆದ್ದು ಗೌಡರ ಕಟ್ಟೆ ಮುಂದೆ ನಿಂತಿರುವ ನಮ್ಮ ಮೆಂಬರುಗಳು ನೆನಪಾಗುವುದಿಲ್ಲವೇ?

ಹಾಗಂತ ರೋಮು ಸ್ವರ್ಗವಲ್ಲ. ಗುಲಾಮರ ಬೆವರಿನ ಮೇಲೆ ನಿಂತ ಊರು. ಕ್ರಿ.ಪೂ. 73ರಲ್ಲಿ ಸ್ಪಾರ್ಟಕಸ್ ಎದ್ದ. 71ರಲ್ಲಿ ಅವನು ಬಿದ್ದ ಮೇಲೆ ಸೆರೆಸಿಕ್ಕ 6000 ಜನರನ್ನು ಕಾಪುವಾದಿಂದ ರೋಮಿನ ತನಕ ರಸ್ತೆಯುದ್ದಕ್ಕೂ ಶಿಲುಬೆಗೆ ಹೊಡೆದರು. ಆದರೂ ಅಲ್ಲಿ ಗುಲಾಮ ಬಿಡುಗಡೆ ಹೊಂದುವ ದಾರಿ ಇತ್ತು, ಅವನ ಮಗ ಮನುಷ್ಯನಾಗಿ ನಡೆಯಬಹುದಿತ್ತು. ನಮ್ಮ ಹುಟ್ಟಿಗೆ ಬಿಡುಗಡೆ ಪತ್ರ ಬರೆಯುವವರೇ ಇರಲಿಲ್ಲ.

ಅಂಥ ಒಬ್ಬ ಮಗ ಹೊರೇಸ್ ಎಂಬ ಕವಿ. ಅವನ ಅಪ್ಪ ಬಿಡುಗಡೆಯಾದ ಗುಲಾಮ. ಊರ ಶಾಲೆ ಸಾಲದೆಂದು ಮಗನನ್ನು ರೋಮಿಗೆ ಕರೆತಂದ. ಮಗನ ಜೊತೆ ತಾನೇ ಮೇಷ್ಟ್ರುಗಳ ಬಳಿಗೆ ಹೋಗುತ್ತಿದ್ದ. ಮುಂದೆ ದೊಡ್ಡವರ ನಡುವೆ ಕೂತಾಗಲೂ ಹೊರೇಸ್, ನನಗೆ ಇಂಥ ಅಪ್ಪನ ಬಗ್ಗೆ ನಾಚಿಕೆ ಇಲ್ಲ ಅಂತ ಬರೆದ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿ.ಯು.ಸಿ.ಯಲ್ಲಿದ್ದಾಗ ನಮ್ಮಪ್ಪ ಜೋಳದ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಕಾಲೇಜಿನ ಗೇಟಿಗೆ ಬಂದಿದ್ದ. ಹರಿದ ಅಂಗಿ, ಕಾಲಲ್ಲಿ ಕೆಸರು. ಜೊತೆಯವನು "ಯಾರೋ?" ಅಂದ. "ನಮ್ಮೂರವರು" ಅಂದೆ. ಅಪ್ಪ ಕೇಳಿಸಿಕೊಂಡ. ಗಂಟು ಕೊಟ್ಟು, "ಚಂದಾಗಿ ಓದಪಾ" ಅಂದು ಹೋದ.

ಮೇಷ್ಟ್ರೇ, ನನಗ್ಯಾಕೆ ರೋಮು ಅಂದಿರಿ. ನಮ್ಮಪ್ಪನನ್ನು ಅಪ್ಪ ಅಂತ ಕರೆಯುವುದನ್ನು ನನಗೆ ಕಲಿಸಿದ್ದು ಆ ರೋಮು.

ಗೆಳೆಯರೇ, ನೌಕರಿಗೂ ಓದಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಪುಸ್ತಕವೂ ನಿಮ್ಮದಲ್ಲ ಅನ್ನುವವರ ಮಾತು ನಂಬಬೇಡಿ. ಹೊಟ್ಟೆಯ ಕತೆ ಯಾರೇ ಹೇಳಲಿ, ಕೂತು ಪೂರಾ ಕೇಳಿ. ಕೇಳಿದ ಮೇಲೆ, ಗುಡ್ಡ ಇಳಿಯುವ ಮೊದಲು, ನಮಗೇನು ಕೊಡ್ತೀರಿ ಅಂತ ಕೇಳಿ.

ಜೈ ಭೀಮ್.