ಹೃದಯದ ಕದಕ್ಕೊಂದು ಹದ

ಆಪರೇಷನ್ ಕೋಣೆ. ನರ್ಸ್ ಒಂದು ಪುಟ್ಟ ಭರಣಿಯ ಮುಚ್ಚಳ ತೆಗೆಯುತ್ತಾರೆ. ಒಳಗೆ ತಿಳಿಯಾದ ದ್ರಾವಣ, ಅದರಲ್ಲಿ ಮುಳುಗಿರುವ ಒಂದು ಉಂಗುರ. ಹೆಚ್ಚೆಂದರೆ ಎರಡು, ಎರಡೂವರೆ ಸೆಂಟಿಮೀಟರ್ ಅಗಲ. ಉಂಗುರಕ್ಕೆ ಮೂರು ತೆಳ್ಳನೆಯ ಎಸಳು ಹೊಲಿದಿದ್ದಾರೆ, ಬಣ್ಣ ಹಾಲಿನ ಕೆನೆಯಂಥದು. ಅದನ್ನು ಮೆಲ್ಲಗೆ ಎತ್ತಿ ಉಪ್ಪುನೀರಿನ ಬೋಗುಣಿಯಲ್ಲಿ ಅದ್ದಿ ಅಲುಗಿಸುತ್ತಾರೆ. ಆಮೇಲೆ ಇನ್ನೊಂದು ಬೋಗುಣಿಯಲ್ಲಿ. ಗಡಿಯಾರ ನೋಡಿಕೊಂಡೇ ತೊಳೆಯಬೇಕು, ಅವಸರ ಮಾಡುವಂತಿಲ್ಲ.

ಆ ಎಸಳುಗಳು ಹಿಂದೆ ಒಂದು ದನದ ಹೃದಯವನ್ನು ಸುತ್ತಿಕೊಂಡಿದ್ದ ಚೀಲದ ತುಂಡುಗಳು. ಇನ್ನು ಸ್ವಲ್ಪ ಹೊತ್ತಿಗೆ ಒಬ್ಬ ಮನುಷ್ಯನ ಎದೆಯೊಳಗೆ ಬಾಗಿಲಾಗುತ್ತವೆ!

ಮಕ್ಕಳೇ, ನಮ್ಮ ಹೃದಯದಲ್ಲಿ ಇಂಥ ನಾಲ್ಕು ಬಾಗಿಲುಗಳಿವೆ. ಕವಾಟ ಅಂತ ಅವುಗಳ ಹೆಸರು. ರಕ್ತ ಮುಂದಕ್ಕೆ ಹೋಗುವಾಗ ತೆರೆದು, ಹಿಂದಕ್ಕೆ ಬರದಂತೆ ಮುಚ್ಚಿಕೊಳ್ಳುತ್ತವೆ, ದಿನಕ್ಕೆ ಸುಮಾರು 1 ಲಕ್ಷ ಸಲ. ವಯಸ್ಸಾದಾಗ ಕೆಲವರ ಕವಾಟ ಬಿರುಸಾಗುತ್ತದೆ. ಚಿಕ್ಕವರಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರವೂ ಅದನ್ನು ಕೆಡಿಸಬಲ್ಲದು. ರಿಪೇರಿ ಆಗದಷ್ಟು ಕೆಟ್ಟರೆ ಬೇರೆ ಕವಾಟ ಬೇಕು. ಲೋಹ, ಇಂಗಾಲದಿಂದ ಮಾಡಿದ ಕವಾಟಗಳು ಬಹಳ ಗಟ್ಟಿ. ಆದರೆ ಅವುಗಳ ಮೇಲೆ ರಕ್ತ ಹೆಪ್ಪುಗಟ್ಟಬಹುದು, ಅದಕ್ಕಾಗಿ ಜೀವನಪೂರ್ತಿ ಮಾತ್ರೆ ನುಂಗಬೇಕು.

ಹಾಗಾದರೆ ಪ್ರಾಣಿಗಳ ಕವಾಟ ಆಗಬಹುದೆ? ಹಂದಿಯ ಕವಾಟ ಅಳತೆಯಲ್ಲಿ ನಮ್ಮದನ್ನೇ ಹೋಲುತ್ತದೆ. 1965ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಪಾಲ್ ಬಿನೆ ಮತ್ತು ಅಲೆನ್ ಕಾರ್ಪೆಂಟಿಯೆ ಎಂಬ ಶಸ್ತ್ರವೈದ್ಯರು ಅದನ್ನು ಮನುಷ್ಯರಿಗೆ ಜೋಡಿಸಿ ನೋಡಿದರು. ಕವಾಟ ಕೆಲಸವನ್ನೇನೋ ಮಾಡಿತು, ಆದರೆ ಬಹಳ ಕಾಲ ಬಾಳಲಿಲ್ಲ. ನಮ್ಮ ದೇಹ ಹೊರಗಿನವರನ್ನು ಬೇಗ ಗುರುತು ಹಿಡಿಯುತ್ತದೆ, ಬಂದವರ ಮೇಲೆ ಏರಿಹೋಗುತ್ತದೆ. ಕಾರ್ಪೆಂಟಿಯೆ ಆಗ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಶಸ್ತ್ರವೈದ್ಯರಾಗಿದ್ದರೂ ರಸಾಯನಶಾಸ್ತ್ರ ಕಲಿಯಲು ಮತ್ತೆ ವಿದ್ಯಾರ್ಥಿಯಾದರು. ಕೊನೆಗೆ ಅವರ ಕೈಗೆ ಸಿಕ್ಕಿದ್ದು ಗ್ಲುಟರಾಲ್ಡಿಹೈಡ್. ಚರ್ಮ ಹದ ಮಾಡಲೂ ಬಳಸುವ ರಾಸಾಯನಿಕ ಅದು!

ಹಸಿ ಚರ್ಮವನ್ನು ಹಾಗೇ ಬಿಟ್ಟರೆ ಎರಡೇ ದಿನಕ್ಕೆ ನಾರುತ್ತದೆ. ನಮ್ಮ ಕಡೆ ತಂಗಡಿ ಗಿಡದ ತೊಗಟೆಯ ರಸದಲ್ಲಿ ನೆನೆಹಾಕಿ ಹದ ಮಾಡುತ್ತಿದ್ದರು. ಅದೇ ಚರ್ಮ ಚಪ್ಪಲಿಯಾಗಿ ವರ್ಷಗಟ್ಟಲೆ ಬಾಳುತ್ತಿತ್ತು. ಒಳಗೆ ನಡೆಯುವುದೇನು ಗೊತ್ತೆ? ಚರ್ಮದಲ್ಲೂ ಹಂದಿಯ ಕವಾಟದಲ್ಲೂ ದನದ ಹೃದಯದ ಚೀಲದಲ್ಲೂ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿವೆ. ಗ್ಲುಟರಾಲ್ಡಿಹೈಡ್ ಅಣು ಐದು ಇಂಗಾಲಗಳ ಪುಟ್ಟ ಸರಪಳಿ, ಅದಕ್ಕೆ ಎರಡೂ ತುದಿಯಲ್ಲಿ ಒಂದೊಂದು ಕೈ. ಒಂದು ಕೈ ಈ ಎಳೆಯನ್ನು ಹಿಡಿದರೆ ಇನ್ನೊಂದು ಕೈ ಪಕ್ಕದ ಎಳೆಯನ್ನು ಹಿಡಿಯುತ್ತದೆ. ಇಂಥ ಲೆಕ್ಕವಿಲ್ಲದಷ್ಟು ಕೈಗಳು ಸೇರಿ ಇಡೀ ಹಾಳೆಯನ್ನು ಬಿಗಿಯುತ್ತವೆ. ಜೀವಕೋಶಗಳು ಸಾಯುತ್ತವೆ, ರೋಗಾಣುಗಳೂ ಸಾಯುತ್ತವೆ. ಹೊರಗಿನವರು ಎಂದು ಸಾರಿ ಹೇಳುವ ಗುರುತುಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ. ಇಷ್ಟಕ್ಕೆಲ್ಲ ಬೇಕಾಗುವ ದ್ರಾವಣ ಬಲು ತೆಳು: ನೂರು ಭಾಗದಲ್ಲಿ ಒಂದು ಭಾಗವೂ ಗ್ಲುಟರಾಲ್ಡಿಹೈಡ್ ಇರುವುದಿಲ್ಲ.

ಆದರೂ ಹದ ಅನ್ನುವುದು ಸುಲಭದ್ದಲ್ಲ, ಬೆಲ್ಲದ ಪಾಕ ಮಾಡುವ ಅಜ್ಜಿಯನ್ನು ಕೇಳಿ ನೋಡಿ. ಕೊಲಾಜೆನ್ ಎಳೆಗಳು ನೆಟ್ಟಗಿರುವುದಿಲ್ಲ, ಗುಂಗುರು ಕೂದಲಿನ ಹಾಗೆ ಅಲೆ ಅಲೆಯಾಗಿರುತ್ತವೆ. ಎಸಳು ಬಾಗುವಾಗ ಆ ಅಲೆಗಳು ಬಿಚ್ಚಿ ಮತ್ತೆ ಮಡಚಿಕೊಳ್ಳುತ್ತವೆ. ಮೊದಮೊದಲು ಕವಾಟವನ್ನು ಹೆಚ್ಚು ಒತ್ತಡದಲ್ಲಿ ಉಬ್ಬಿಸಿಟ್ಟು ಹದ ಮಾಡುತ್ತಿದ್ದರು. ಅಲೆಗಳು ನೆಟ್ಟಗಾದ ಸ್ಥಿತಿಯಲ್ಲೇ ಕೈಗಳು ಬಿಗಿದುಕೊಂಡವು, ಎಸಳು ಬಿರುಸಾಯಿತು. ಈಗ ಒತ್ತಡವನ್ನು ತೀರಾ ಕಡಿಮೆ ಮಾಡಿದ್ದಾರೆ, ಅಲೆಗಳು ಉಳಿಯುತ್ತವೆ.

ಇನ್ನೊಂದು ತೊಂದರೆ ಸುಣ್ಣದ್ದು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆಯೇ ವರ್ಷಗಳು ಕಳೆದಂತೆ ಈ ಎಸಳುಗಳ ಮೇಲೂ ಒಳಗೂ ಕ್ಯಾಲ್ಸಿಯಂ ಕೂರುತ್ತದೆ. ಯಾವ ಎಳೆಯನ್ನೂ ಹಿಡಿಯದೆ ಸುಮ್ಮನೆ ಚಾಚಿಕೊಂಡ ಕೈಗಳು, ಸತ್ತ ಕೋಶಗಳ ಕೊಬ್ಬು, ಇವೆರಡೂ ಅದಕ್ಕೆ ಜಾಗ ಮಾಡಿಕೊಡುತ್ತವೆ. ಹಾಗಾಗಿ ಆಲ್ಕೊಹಾಲಿನಲ್ಲಿ ಕೊಬ್ಬನ್ನು ತೊಳೆದು ತೆಗೆಯುವುದುಂಟು, ಖಾಲಿ ಕೈಗಳಿಗೆ ಬೇರೆ ಅಣುಗಳನ್ನು ಕೊಟ್ಟು ಮುಚ್ಚುವುದೂ ಉಂಟು. ಭರಣಿಯಿಂದ ತೆಗೆದ ಕವಾಟವನ್ನು ಅಷ್ಟು ತೊಳೆಯುವುದು ಉಳಿದ ರಾಸಾಯನಿಕ ರೋಗಿಯ ಮೈಗೆ ಸೇರದಿರಲಿ ಎಂದು. ಇಷ್ಟೆಲ್ಲ ಜೋಪಾನ ಮಾಡಿದ ಕವಾಟ ದೊಡ್ಡವರಲ್ಲಿ ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತದೆ.

ನಿಮ್ಮ ವಯಸ್ಸಿನವರಲ್ಲಿ ಅಷ್ಟು ದಿನ ಬಾಳುವುದಿಲ್ಲ. ಬೆಳೆಯುವ ಮೈಯಲ್ಲಿ ಕ್ಯಾಲ್ಸಿಯಂ ಬೇಗ ಕೂರುತ್ತದೆ. ಅದಲ್ಲದೆ ಮಗು ಬೆಳೆದರೂ ಕವಾಟ ಬೆಳೆಯುವುದಿಲ್ಲ, ಹೋದ ವರ್ಷದ ಅಂಗಿಯಂತೆ ಚಿಕ್ಕದಾಗಿಬಿಡುತ್ತದೆ. ಅದಕ್ಕೇ ಕೆಲವು ವಿಜ್ಞಾನಿಗಳು ಬೇರೆ ದಾರಿ ಹಿಡಿದಿದ್ದಾರೆ. ಕವಾಟದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಕೊಲಾಜೆನ್ ಎಳೆಗಳ ಹಂದರವನ್ನು ಮಾತ್ರ ಉಳಿಸುತ್ತಾರೆ. ಮಲ್ಲಿಗೆ ಬಳ್ಳಿ ಚಪ್ಪರಕ್ಕೆ ಹಬ್ಬಿದಂತೆ ಮಗುವಿನದೇ ಕೋಶಗಳು ಆ ಖಾಲಿ ಹಂದರಕ್ಕೆ ಬಂದು ಸೇರಿ, ಮಗುವಿನ ಜೊತೆ ಕವಾಟವೂ ಬೆಳೆಯಲಿ ಎಂಬುದು ಅವರ ಆಸೆ.