ತಾರುಣ್ಯವೂ ಯಕೃತ್ತಿನ ರೋಗವೂ

ಕುಡಿತದಿಂದ ಯಕೃತ್ತು ಕೆಡುವುದು ವಯಸ್ಸಾದವರಿಗೆ ಮಾತ್ರವೆಂಬ ನಂಬಿಕೆಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಮೂವತ್ತು ನಲವತ್ತರ ಪ್ರಾಯದವರೇ ಕಾಮಾಲೆಯಿಂದಲೂ ಜಲೋದರದಿಂದಲೂ ಆಸ್ಪತ್ರೆಗಳನ್ನು ಸೇರುತ್ತಿರುವುದನ್ನು ವೈದ್ಯರು ಕಾಣುತ್ತಿದ್ದಾರೆ.

ಹಿರಿಯರು ಈಲಿಯೆಂದು ಕರೆದ ಈ ಅಂಗವು ಸುಮಾರು 1.5 ಕಿಲೋಗ್ರಾಂ ತೂಗುತ್ತದೆ. ಕುಡಿದ ಮದ್ಯಸಾರದ ಬಹುಭಾಗವನ್ನು ಒಡೆದುಹಾಕುವ ಕೆಲಸ ಇದರದೇ. ಹಾಗೆ ಒಡೆಯುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಸ್ತುವು ಮದ್ಯಸಾರಕ್ಕಿಂತಲೂ ವಿಷಮಯವಾದುದು. ಮೊದಲು ಜೀವಕಣಗಳಲ್ಲಿ ಕೊಬ್ಬು ತುಂಬುತ್ತದೆ, ಅನಂತರ ಉರಿಯೂತವುಂಟಾಗಬಹುದು, ಕಡೆಗೆ ಗಾಯದ ಕಲೆಯಂತಹ ನಾರು ಬೆಳೆದು, ಮೆತ್ತಗಿದ್ದ ಅಂಗವು ಗಂಟುಗಂಟಾಗಿ ಗಡುಸಾಗುತ್ತದೆ. 1819ರಲ್ಲಿ ಇದಕ್ಕೆ ಸಿರೋಸಿಸ್ ಎಂದು ಹೆಸರಿಟ್ಟವನು ಫ್ರಾನ್ಸಿನ ವೈದ್ಯನಾದ ಲೆನೆಕ್. ಸ್ಟೆತೊಸ್ಕೋಪನ್ನು ಕಂಡುಹಿಡಿದವನೂ ಆತನೇ.

ಇಷ್ಟೆಲ್ಲ ನಡೆಯುತ್ತಿದ್ದರೂ ಯಕೃತ್ತು ಬೇನೆಯಿಂದ ಎಚ್ಚರಿಸುವುದು ಅಪರೂಪ. ಎಷ್ಟು ಕುಡಿದರೂ ತೂರಾಡದವನನ್ನು ಗೆಳೆಯರ ಗುಂಪು ಗಟ್ಟಿಗನೆಂದು ಹೊಗಳುವುದನ್ನು ನಾವು ಕೇಳಿದ್ದೇವೆ. ರೂಢಿಗೆ ಬಿದ್ದುದು ಅವನ ಮೆದುಳೇ ಹೊರತು ಯಕೃತ್ತಲ್ಲ. ತೂರಾಡದ ಕಾರಣದಿಂದಲೇ ಅವನು ಇನ್ನಷ್ಟು ಕುಡಿಯುತ್ತಾನೆ. ಸ್ತ್ರೀಯರಲ್ಲಿಯಂತೂ ಇದಕ್ಕಿಂತ ಕಡಮೆ ಪ್ರಮಾಣವೇ ಇದೇ ಹಾನಿಯನ್ನು ಮಾಡಬಲ್ಲುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ ನಗರದಲ್ಲಿ ದ್ರಾಕ್ಷಾಮದ್ಯವು ಪಡಿತರಕ್ಕೆ ಒಳಪಟ್ಟಾಗ ಸಿರೋಸಿಸಿನ ಮರಣಗಳು ಬಹಳವಾಗಿ ಇಳಿದವು. ಯುದ್ಧ ಮುಗಿದು ಮದ್ಯವು ಮರಳಿದಂತೆ ಅವೂ ಮರಳಿದುವು. ಬ್ರಿಟನ್ನಿನಲ್ಲಿಯಾದರೋ 1970ರಿಂದ ಮುಂದಿನ ನಾಲ್ಕು ದಶಕಗಳಲ್ಲಿ ಯಕೃತ್ತಿನ ರೋಗದ ಮರಣಪ್ರಮಾಣವು ನಾಲ್ಕು ಪಟ್ಟಿಗೂ ಮಿಕ್ಕಿ ಏರಿತು. ಕುಡಿತದ ಹೆಚ್ಚಳವೇ ಇದರ ಮುಖ್ಯ ಕಾರಣ.

ನಮ್ಮಲ್ಲಿ ಮತ್ತೊಂದು ತೊಡಕುಂಟು. ಮಗನ ಕಣ್ಣು ಹಳದಿಯಾದಾಗ ಕಾಮಾಲೆಯ ಮದ್ದನ್ನು ಹುಡುಕಿ ಊರೂರು ತಿರುಗುವ ಮನೆಯವರು, ಕುಡಿತದ ಮಾತನ್ನು ಮಾತ್ರ ವೈದ್ಯನೆದುರಿಗೆ ಆಡುವುದಿಲ್ಲ. ಮರ್ಯಾದೆಗೆ ಅಂಜಿ ಹಾಗೆ ಕಳೆದ ವಾರಗಳು ಬಹು ದುಬಾರಿಯಾದುವು. ಕೊಬ್ಬು ತುಂಬಿದ ಹಂತದಲ್ಲಿ ಮದ್ಯವನ್ನು ಪೂರ್ತಿಯಾಗಿ ಬಿಟ್ಟರೆ ಕೆಲವೇ ವಾರಗಳಲ್ಲಿ ಯಕೃತ್ತು ಸುಧಾರಿಸಬಲ್ಲುದು. ಸಿರೋಸಿಸಾದ ಮೇಲೂ ಬಿಟ್ಟವನು ಬಿಡದವನಿಗಿಂತ ಹೆಚ್ಚುಕಾಲ ಬಾಳುವ ಸಂಭವವುಂಟು.

ಆದರೆ ನಿತ್ಯವೂ ಅತಿಯಾಗಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಭ್ರಾಂತಿ, ಮೂರ್ಛೆಯ ಸೆಳೆತಗಳು ತೋರಬಹುದು, ಪ್ರಾಣಾಪಾಯವೂ ಇಲ್ಲದಿಲ್ಲ. ಆದುದರಿಂದ ಅದನ್ನು ವೈದ್ಯನ ಆರೈಕೆಯಲ್ಲಿಯೇ ಬಿಡಿಸತಕ್ಕದ್ದು. ಮೊದಲ ಕೆಲವು ದಿನಗಳಲ್ಲಿ ಅವನನ್ನು ಒಂಟಿಯಾಗಿ ಮಲಗಗೊಡಬಾರದು.